ಉದ್ಯಮಿಗಳ ಬಾಯಿ ಬಿಡಿಸೋದು ಹೇಗೆ? ಸಂದರ್ಶನಕ್ಕೆ ಪ್ರಶ್ನೆ ಬೇಕು

ತಿಪಟೂರ್ ಪ್ಯಾಸೆಂಜರ್
ನಮಸ್ಕಾರ ಎಲ್ರಿಗೂ. ಸ್ವಂತ ಉದ್ಯಮ ಕಟ್ಟಿದವರನ್ನ ಕೂರಿಸ್ಕೊಂಡು ಕನ್ನಡದಲ್ಲಿ ಒಂದೊಂದು ಗಂಟೆ ಮಾತಾಡಿಸೋ ಪಾಡ್‌ಕಾಸ್ಟ್ ಶುರುವಾಗ್ತಿದೆ. ಮೊದಲ ಕಂತಿಗೆ ಒಪ್ಪಿರೋರು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಪ್ಯಾಕ್ ಮಾಡಿ ಮೂರು ಜಿಲ್ಲೆಯ ಅಂಗಡಿಗಳಿಗೆ ಹಾಕೋರು. ಆಮೇಲೆ ಒಬ್ರು ಸಾಫ್ಟ್‌ವೇರ್ ಕಂಪನಿಯವ್ರು, ಒಬ್ರು ಲಾರಿ ಸಾಗಣೆಯವ್ರು.

ಈಗಾಗ್ಲೇ ಇರೋ ಸಂದರ್ಶನಗಳನ್ನ ಕೇಳಿದ್ರೆ ಎಲ್ಲದರಲ್ಲೂ ಒಂದೇ ರಾಗ. ಕಷ್ಟಪಟ್ಟೆ, ಮನೇಲಿ ಬೈದ್ರು, ಸಾಲ ಆಯ್ತು, ಛಲ ಬಿಡ್ಲಿಲ್ಲ, ಗೆದ್ದೆ. ಒಂದು ಗಂಟೆ ಕೇಳಿದ್ಮೇಲೂ ಒಂದು ಪ್ಯಾಕೆಟ್ಟಲ್ಲಿ ಎಷ್ಟು ಉಳಿಯುತ್ತೆ, ಅಂಗಡಿಯವರಿಗೆ ಎಷ್ಟು ಬಿಡ್ತಾರೆ, ಜಾಹೀರಾತಿಗೆ ಸುರಿದ ದುಡ್ಡು ವಾಪಸ್ ಬಂತಾ, ಒಂದೂ ಗೊತ್ತಾಗಲ್ಲ. ಹೊಸದಾಗಿ ಕೆಲಸಕ್ಕೆ ಸೇರೋ ಹುಡುಗ್ರಿಗೆ, ಧಂದೆಗೆ ಇಳಿಯೋರಿಗೆ ಬೇಕಾಗಿರೋದೇ ಅದು. ಏನು ಕೇಳಬೇಕು, ಹೋಗೋ ಮುಂಚೆ ಏನು ಓದ್ಕೋಬೇಕು, ರೆಕಾರ್ಡಿಂಗ್ ಹೇಗೆ? ತಿಳಿದವ್ರು ಹೇಳಿ.

ಲೆಕ್ಕದ ಪುಸ್ತಕ
"ಯಶಸ್ಸಿನ ಗುಟ್ಟೇನು" ಅಂತ ಕೇಳಿದ್ರೆ ಅವ್ರು ಏನೋ ಒಂದು ಹೇಳ್ಲೇಬೇಕಲ್ಲ, ಛಲ ಅಂತಾರೆ. ತಪ್ಪು ಪ್ರಶ್ನೇದು. ಊರು, ವರ್ಷ, ದುಡ್ಡು, ಈ ಮೂರೂ ಉತ್ತರದಲ್ಲಿ ಬರೋ ಹಾಗೆ ಕೇಳಿ.

ನಾರಾಯಣ ಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣ ನೋಡಿ. 1995ರಲ್ಲಿ ಇನ್ಫೋಸಿಸ್ ಆದಾಯದಲ್ಲಿ 25% ಕೊಡ್ತಿದ್ದ ಒಂದೇ ಒಂದು ಗಿರಾಕಿ ಕಂಪನಿ ದರ ಇಳಿಸಿ ಅಂತ ಪಟ್ಟು ಹಿಡಿಯಿತು. ಬೆಂಗಳೂರಿನ ಹೋಟೆಲ್ ಕೋಣೇಲಿ ಮಾತುಕತೆ. ಇವ್ರು ಆಗಲ್ಲ ಅಂದು ಎದ್ದು ಬಂದ್ರು. ಮುಂದೆ ಒಂದೇ ಗಿರಾಕಿ, ಒಂದೇ ದೇಶ, ಒಂದೇ ತಂತ್ರಜ್ಞಾನದ ಮೇಲೆ ಅಷ್ಟು ಭಾರ ಹಾಕಬಾರದು ಅಂತ ಕಂಪನಿಯೊಳಗೆ ವ್ಯವಸ್ಥೆ ಮಾಡ್ಕೊಂಡ್ರು. ಎಷ್ಟು ಪಾಲು, ಎಲ್ಲಿ ಕೂತು, ಏನು ತೀರ್ಮಾನ, ಎಲ್ಲ ಇದೆ. ಕೇಳಿದವ್ರು ತಮ್ಮ ಅಂಗಡಿಗೂ ಹಚ್ಚಿ ನೋಡಬಹುದು.

ನಿಮ್ಮ ಚಕ್ಕುಲಿಯವರನ್ನೂ ಹೀಗೇ ಕೇಳಿ: "ನಿಮ್ಮ ಅತಿ ದೊಡ್ಡ ಗಿರಾಕಿ ಒಟ್ಟು ಮಾರಾಟದಲ್ಲಿ ಎಷ್ಟು ಪಾಲು? ಅವ್ರು ಮುಂದಿನ ತಿಂಗಳು ನಿಲ್ಲಿಸಿದ್ರೆ ಎಷ್ಟು ತಿಂಗಳ ಸಂಬಳ ಕೈಯಲ್ಲಿದೆ?"

ಮಲ್ಲೇಶ್ವರದ ಮಳೆ
ಇಷ್ಟು ನೇರವಾಗಿ ಕೇಳಿದ್ರೆ ಎದ್ದು ಹೋಗ್ತಾರೆ ಗುರು.

ಲೆಕ್ಕದ ಪುಸ್ತಕ
ಮೊದಲ ಹತ್ತು ನಿಮಿಷದಲ್ಲಿ ಕೇಳಿದ್ರೆ ಹೋಗ್ತಾರೆ, ನಿಜ. ಮೊದಲು ಹಳೇ ಲೆಕ್ಕ ಕೇಳಿ. ಮೊದಲ ವರ್ಷದ ಬಾಡಿಗೆ, ಮೊದಲ ಯಂತ್ರದ ಬೆಲೆ, ಮೊದಲ ಸಾಲದ ಬಡ್ಡಿ. ಹದಿನೈದು ವರ್ಷದ ಹಿಂದಿನ ಅಂಕಿ ಹೇಳೋಕೆ ಯಾರಿಗೂ ಸಂಕೋಚ ಇಲ್ಲ. ಬಾಯಿಗೆ ಅಂಕಿ ಬಂದು ರೂಢಿಯಾದ್ಮೇಲೆ ಈಗಿನದಕ್ಕೆ ಬನ್ನಿ. ಈಗಿನದನ್ನೂ ರೂಪಾಯಿಯಲ್ಲಿ ಕೇಳೋ ಬದಲು "100 ರೂಪಾಯಿ ಮಾರಾಟ ಆದ್ರೆ ಕಚ್ಚಾ ಮಾಲಿಗೆ ಎಷ್ಟು ಹೋಗುತ್ತೆ" ಅಂತ ಕೇಳಿ. ಒಟ್ಟು ವ್ಯಾಪಾರ ಎಷ್ಟು ಅಂತ ಬಯಲಾಗಲ್ಲ, ಹಾಗಾಗಿ ಹೇಳ್ತಾರೆ.

ಬೀಟ್ ನಂಬರ್ 6
ಮಾರ್ಜಿನ್ ಬಗ್ಗೆ ಕೇಳೋಕೆ ಹೋಗೋ ಮುಂಚೆ ಒಂದು ಗೊಂದಲ ಬಿಡಿಸ್ಕೊಳ್ಳಿ. "ಅಂಗಡಿಯವ್ರಿಗೆ 20% ಬಿಡ್ತೀವಿ" ಅಂದ್ರೆ ಅದಕ್ಕೆ ಎರಡು ಅರ್ಥ. ಎಂಆರ್‌ಪಿ 100 ಅಂದ್ಕೊಳ್ಳಿ. ಎಂಆರ್‌ಪಿ ಒಳಗೆ 20% ಬಿಟ್ರೆ ಅಂಗಡಿಗೆ 80ಕ್ಕೆ ಬೀಳುತ್ತೆ. ಕೊಂಡ ಬೆಲೆ ಮೇಲೆ 20% ಅಂದ್ರೆ 83.33ಕ್ಕೆ ಬೀಳುತ್ತೆ. ಪ್ಯಾಕಿಗೆ 3.33 ವ್ಯತ್ಯಾಸ, ಸಣ್ಣ ತಿಂಡಿ ಕಂಪನಿಗೆ ಕೊನೆಗೆ ಉಳಿಯೋ ಲಾಭ ಇಷ್ಟೇ ಇದ್ರೂ ಇರಬಹುದು. ಸಂದರ್ಶನ ಮಾಡೋರು "ಒಳಗಾ, ಮೇಲಾ" ಅಂತ ಅಲ್ಲೇ ಕೇಳ್ಲೇಬೇಕು.

ಈಗ 80ರಿಂದ ಕೆಳಗಿಳೀರಿ. ಡಿಸ್ಟ್ರಿಬ್ಯೂಟರ್ 6 ರೂಪಾಯಿ ಇಟ್ಕೊಂಡ್ರೆ ಕಂಪನಿ ಬಿಲ್ಲು 74. ಅದರೊಳಗೆ 5% ಜಿಎಸ್‌ಟಿ ಇದೆ. 74ನ್ನ 1.05ರಿಂದ ಭಾಗಿಸಿ, 70.48. ಕೈಗೆ ಬರೋದು ಅಷ್ಟು. ಇದರಲ್ಲೇ ಕಡಲೆಹಿಟ್ಟು, ಅಕ್ಕಿಹಿಟ್ಟು, ಎಣ್ಣೆ, ಕವರು, ಗ್ಯಾಸು, ಕೂಲಿ, ಗಾಡಿ ಬಾಡಿಗೆ, ವಾಪಸ್ ಬಂದ ಮಾಲು.

ಮಲ್ಲೇಶ್ವರದ ಮಳೆ
ಕುರುಕಲು ತಿಂಡಿಗೆ ಜಿಎಸ್‌ಟಿ 12% ಅಲ್ವಾ?

ಬೀಟ್ ನಂಬರ್ 6
ಇತ್ತು. 2025ರ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿದ ನಮ್ಕೀನ್, ಚಕ್ಕುಲಿ, ಮಿಕ್ಸ್ಚರ್ 5%ಗೆ ಬಂತು. ಇದೂ ಒಳ್ಳೇ ಪ್ರಶ್ನೆ: "ತೆರಿಗೆ ಇಳಿದಾಗ ಎಂಆರ್‌ಪಿ ಇಳಿಸಿದ್ರಾ, ಗ್ರಾಂ ಏರಿಸಿದ್ರಾ? ಅಂಗಡಿಯಲ್ಲಿ ಕೂತಿದ್ದ ಹಳೇ ದರದ ಮಾಲಿನ ಕಥೆ ಏನಾಯ್ತು?"

ಲೆಕ್ಕದ ಪುಸ್ತಕ
ಒಂದು ತಿದ್ದುಪಡಿ. ಡಿಸ್ಟ್ರಿಬ್ಯೂಟರ್ ಇಟ್ಕೊಳ್ಳೋ ಆ 6ರ ಒಳಗೂ ಜಿಎಸ್‌ಟಿ ಇದೆ. ತೆರಿಗೆ ತೆಗೆದ್ರೆ ಅವ್ರಿಗೆ ಸಿಗೋದು 5.71. ಅಂಗಡಿಯವ್ರು ನೋಂದಾಯಿತರಾಗಿದ್ರೆ ಅವರ 20 ಕೂಡ ನಿಜವಾಗಿ 19.05. ಎಂಆರ್‌ಪಿಯಿಂದ ಶುರು ಮಾಡೋ ಲೆಕ್ಕದಲ್ಲಿ ಎಲ್ರೂ ಮರೆಯೋ ಜಾಗ ಇದು.

ಬೀಟ್ ನಂಬರ್ 6
ಸರಿಯಾಗಿ ಹೇಳಿದ್ರಿ. ಸ್ಕೀಮ್ ಲೆಕ್ಕಾನೂ ಹಾಗೇ ತಪ್ಪುತ್ತೆ. "12ಕ್ಕೆ 1 ಉಚಿತ" ಅಂದ್ರೆ 8.33% ಅಂತಾರೆ. ಹೋಗೋದು 13 ಪ್ಯಾಕು, ದುಡ್ಡು ಬರೋದು 12ಕ್ಕೆ. ಹಾಗಾಗಿ 7.69%. ಮೇಲಿನ 70.48 ಆಗ 65.06ಕ್ಕೆ ಇಳಿಯುತ್ತೆ. ಆ ಉಚಿತ ಪ್ಯಾಕು ಗಿರಾಕಿಯ ಕೈಗೆ ಸೇರದೆ ಅಂಗಡಿಯಲ್ಲೇ ಮಾರಾಟ ಆಗುತ್ತೆ ಅನ್ನೋದು ಬೇರೆ ಮಾತು. ತಿಂಗಳ ಕೊನೇ ವಾರದಲ್ಲಿ ಟಾರ್ಗೆಟ್ ಮುಟ್ಟಿಸೋಕೆ ಸ್ಕೀಮ್ ಬಿಟ್ರೆ ಡಿಸ್ಟ್ರಿಬ್ಯೂಟರ್ ಗೋಡೌನ್ ತುಂಬುತ್ತೆ, ಮುಂದಿನ ತಿಂಗಳ ಮೊದಲ ಹದಿನೈದು ದಿನ ಆರ್ಡರ್ ಸೊನ್ನೆ. ಅದಕ್ಕೇ ಉದ್ಯಮಿ "ತಿಂಗಳಿಗೆ ಇಷ್ಟು ಮಾರಾಟ" ಅಂದಾಗ, ಡಿಸ್ಟ್ರಿಬ್ಯೂಟರಿಗೆ ಹೋದದ್ದಾ, ಅಂಗಡಿಯಿಂದ ಜನ ಕೊಂಡದ್ದಾ ಅಂತ ಕೇಳಿ.

ಹುಬ್ಬಳ್ಳಿ ಮಂದಿ
ಉದ್ರಿ ಲೆಕ್ಕಾ ಕೇಳ್ರಿ ಮೊದ್ಲ. ಲಾಭ ಐತಿ ಅಂತಾರ, ಕೈಯಾಗ ರೊಕ್ಕ ಇರಂಗಿಲ್ಲ. ಯಾಕಂದ್ರ ರೊಕ್ಕ ಎಲ್ಲಾ ಅಂಗಡ್ಯಾಗ ಕುಂತಿರ್ತದ. ಮಾಲು 15 ದಿನ ಗೋಡೌನ್‌ದಾಗ, ಅಂಗಡಿಗೆ ಉದ್ರಿ 30 ದಿನ, ಹಿಟ್ಟು ಎಣ್ಣಿ ಕೊಡೋರು ನಿಮಗ ಕೊಡೂ ಉದ್ರಿ 10 ದಿನ. 15ಕ್ಕ 30 ಕೂಡ್ಸಿ 10 ಕಳೀರಿ, 35 ದಿನದ ಖರ್ಚು ಕೈಯಿಂದ ಹಾಕಬೇಕು. ತಿಂಗಳಿಗೆ 6 ಲಕ್ಷ ಖರ್ಚಿದ್ರ 7 ಲಕ್ಷ ರೂಪಾಯಿ ಯಾವಾಗ್ಲೂ ಹೊರಗ ಸಿಕ್ಕಿರ್ತದ. ವ್ಯಾಪಾರ ದುಪ್ಪಟ್ಟಾದ್ರ ಅದೂ 14 ಆಗ್ತದ. ಮಂದಿ ಧಂದೆ ಬೆಳದಾಗ ಮುಳುಗೋದು ಹಿಂಗ್ ನೋಡ್ರಿ.

ಕಡಲತಡಿ
ಅಂಗಡಿಗಳಲ್ಲಿ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ಇರ್ತದಲ್ಲ, ಅದನ್ನ ಕಂಪನಿಯವರೇ ಬರೆಸಿ ಕೊಡಬೇಕು ಮಾರಾಯ್ರೆ. ನಮ್ಮ ಕಡೆ ಕಡ ಅಂತ್ಲೂ ಹೇಳ್ತಾರೆ.

ತಿಪಟೂರ್ ಪ್ಯಾಸೆಂಜರ್
ನಮ್ಮಲ್ಲಿ ಹಳಬರ ಬಾಯಲ್ಲಿ ಉದ್ದರಿ.

ಲೆಕ್ಕದ ಪುಸ್ತಕ
ಉದ್ರಿ ವಸೂಲಿಗೆ ಕಾನೂನೂ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸಣ್ಣ, ಅತಿಸಣ್ಣ ಉದ್ಯಮದಿಂದ ಮಾಲು ಕೊಂಡವರು ಲಿಖಿತ ಒಪ್ಪಂದ ಇದ್ರೂ 45 ದಿನ ದಾಟಿಸೋ ಹಾಗಿಲ್ಲ, ಒಪ್ಪಂದ ಇಲ್ಲದಿದ್ರೆ 15 ದಿನ. ತಡ ಮಾಡಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಮಾಲು ಕೊಟ್ಟವರಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರಬೇಕು. ಕೇಳಬೇಕಾದ ಪ್ರಶ್ನೆ: "ಈ ಬಡ್ಡಿ ಯಾವತ್ತಾದ್ರೂ ಕೇಳಿದೀರಾ?" ಕೇಳಿದ್ರೆ ದೊಡ್ಡ ಗಿರಾಕಿ ಮುಂದಿನ ಆರ್ಡರ್ ಕೊಡಲ್ಲ ಅನ್ನೋ ಭಯದಲ್ಲಿ ಕೇಳದೇ ಇರೋರೇ ಜಾಸ್ತಿ. ಆ ಭಯದ ಬಗ್ಗೆ ಮಾತಾಡಿಸಿ, ಅಲ್ಲಿ ನಿಜ ಹೊರಬರುತ್ತೆ.

ಸೌಂಡ್ ಚೆಕ್
ರೆಕಾರ್ಡಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ.

ಇಬ್ಬರಿಗೂ ಬೇರೆ ಬೇರೆ ಕಾಲರ್ ಮೈಕ್, ಬೇರೆ ಬೇರೆ ಟ್ರ್ಯಾಕ್. ಒಂದೇ ಟ್ರ್ಯಾಕ್‌ಗೆ ಹಾಕಿದ್ರೆ ಅವ್ರು ಮಾತಾಡುವಾಗ ನೀವು ಕೆಮ್ಮಿದ್ದನ್ನ ತೆಗೆಯೋಕೆ ಆಗಲ್ಲ. ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ. ರೇಷ್ಮೆ ಸೀರೆ, ಗಂಜಿ ಹಾಕಿದ ಖಾದಿ ಅಂಗಿ ಸರಸರ ಅನ್ನುತ್ತೆ, ಅಂಗಿಯ ಗುಂಡಿ ಪಟ್ಟಿಗೆ ಸಿಕ್ಕಿಸಿ, ವೈರನ್ನ ಒಳಗಡೆ ಒಂದು ಸುತ್ತು ಸುತ್ತಿ ಟೇಪ್ ಹಾಕಿ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಜೋರಾಗಿ ನಕ್ಕಾಗ ಮೀಟರ್ ಮೈನಸ್ 12ರ ಆಸುಪಾಸು ನಿಲ್ಲಬೇಕು. ಸೊನ್ನೆ ಮುಟ್ಟಿದ್ರೆ ದನಿ ಒಡೆಯುತ್ತೆ, ಆಮೇಲೆ ಸರಿ ಮಾಡೋಕೆ ಬರಲ್ಲ.

ಫ್ಯಾನ್, ಎಸಿ ಆಫ್. ಫೋನ್ ಏರೋಪ್ಲೇನ್ ಮೋಡ್‌ಗೆ, ಸೈಲೆಂಟ್ ಸಾಲದು, ಸಿಗ್ನಲ್ ಹುಡುಕುವಾಗ ವೈರಿನಲ್ಲಿ ಟಿಕ್ ಟಿಕ್ ಬರುತ್ತೆ. ಶುರುವಿನಲ್ಲಿ ಯಾರೂ ಮಾತಾಡದೆ 30 ಸೆಕೆಂಡು ಖಾಲಿ ಕೋಣೆ ಸದ್ದು ಹಿಡೀರಿ, ಎಡಿಟ್ ಮಾಡುವಾಗ ಸಂದು ಮುಚ್ಚೋಕೆ ಬೇಕು. ವಿಡಿಯೋ ಇದ್ರೆ ಒಂದು ಚಪ್ಪಾಳೆ ತಟ್ಟಿ, ಹೊಂದಿಸೋಕೆ. ಮೊಬೈಲ್ ಕ್ಯಾಮೆರಾ ಫ್ರೇಮ್ ವೇಗ ಮಧ್ಯ ಮಧ್ಯ ಬದಲಾಗುತ್ತೆ, ಒಂದು ಗಂಟೆ ಹೊತ್ತಿಗೆ ತುಟಿಗೂ ಮಾತಿಗೂ ತಾಳ ತಪ್ಪುತ್ತೆ. 20 ನಿಮಿಷಕ್ಕೊಮ್ಮೆ ಮತ್ತೆ ಚಪ್ಪಾಳೆ ಹೊಡೀರಿ.

ಕಡಲತಡಿ
ವೈರ್ ಇಲ್ಲದ ಮೈಕ್ ತಗೊಂಡ್ರೆ ಸಲೀಸಲ್ವಾ?

ಸೌಂಡ್ ಚೆಕ್
ಸಲೀಸು. ಆದ್ರೆ ಕಡಿಮೆ ಬೆಲೆಯ ಬಹುತೇಕ ಸೆಟ್‌ಗಳು 2.4 ಗಿಗಾಹರ್ಟ್ಸ್‌ನಲ್ಲೇ ಓಡೋದು, ಆಫೀಸಿನ ವೈಫೈ ಕೂಡ ಅಲ್ಲೇ. ಮಧ್ಯದಲ್ಲಿ ಅರ್ಧ ಸೆಕೆಂಡ್ ಮಾತು ನುಂಗುತ್ತೆ, "15 ಲಕ್ಷ" ಅಂದದ್ದಾ "50 ಲಕ್ಷ" ಅಂದದ್ದಾ ತಿಳಿಯಲ್ಲ. ವೈಫೈ ಹತ್ತಿರ ಇದ್ರೆ ವೈರಿಂದೇ ಇಟ್ಕೊಳ್ಳಿ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಒಬ್ರು ಕೊನೇ ತನಕ ಕೇಳ್ತಾ ಇರ್ಲಿ.

ನೋಟಿಸ್ ಪೀರಿಯಡ್
ನೌಕರಿ ಕಡೆ ಪ್ರಶ್ನೆ ಯಾರೂ ಎತ್ತಿಲ್ಲ. ಸಾಫ್ಟ್‌ವೇರ್ ಕಂಪನಿಯವರು ಬಂದ್ರೆ "ನಮ್ಮಲ್ಲಿ ನೌಕರರೂ ಮಾಲೀಕರೇ" ಅಂತಾರೆ. ಆಗ ಬಿಡದೆ ಕೇಳಿ. ಷೇರು ಆಯ್ಕೆ ಅಂದ್ರೆ ಇಸಾಪ್ (ಕಂಪನಿ ಷೇರನ್ನ ಮೊದಲೇ ಗೊತ್ತು ಮಾಡಿದ ಬೆಲೆಗೆ ಮುಂದೆ ಕೊಳ್ಳೋ ಹಕ್ಕು) ಕೊಟ್ಟಿದ್ದೀರಲ್ಲ, ನೌಕರ ಕೆಲಸ ಬಿಟ್ಟ ಮೇಲೆ ಅದನ್ನ ಕೊಳ್ಳೋಕೆ ಎಷ್ಟು ದಿನ ಕೊಡ್ತೀರಿ? 90 ದಿನಾನಾ, 30 ದಿನಾನಾ? ಈ ಒಂದು ಸಾಲಿನಲ್ಲಿ ಎಲ್ಲ ಇದೆ.

ಉದಾಹರಣೆ ಹಾಕ್ತೀನಿ. 4,800 ಆಯ್ಕೆ, ನಾಲ್ಕು ವರ್ಷಕ್ಕೆ ಹಂಚಿದೆ, ವರ್ಷಕ್ಕೆ 1,200. ಕೊಳ್ಳೋ ಬೆಲೆ 10 ರೂಪಾಯಿ, ಈಗಿನ ಮೌಲ್ಯ 250. ಒಂದು ವರ್ಷದ ಪಾಲು ಕೊಳ್ಳೋಕೆ 12,000 ರೂಪಾಯಿ. ಅಷ್ಟೇ ಅಂದ್ಕೊಂಡ್ರೆ ಕೆಟ್ರಿ. 240 ರೂಪಾಯಿ ವ್ಯತ್ಯಾಸ ಇಂಟು 1,200, ಅಂದ್ರೆ 2,88,000 ಸಂಬಳದ ಜೊತೆ ಸೇರಿ ತೆರಿಗೆ ಬೀಳುತ್ತೆ. 30% ಹಂತದಲ್ಲಿದ್ರೆ ಸೆಸ್ ಸೇರಿ 31.2%, ಹತ್ತಿರತ್ತಿರ 89,856. ಷೇರು ಮಾರೋಕೆ ಮಾರುಕಟ್ಟೇನೇ ಇಲ್ಲ, ಕೈಯಿಂದ ಲಕ್ಷ ರೂಪಾಯಿ ಕಟ್ಟಬೇಕು. ಕಟ್ಟೋಕಾಗದೆ ಬಿಟ್ಟು ಹೋಗ್ತಾರೆ. ಅದಕ್ಕೆ "ಇಲ್ಲಿ ತನಕ ಎಷ್ಟು ಜನ ನೌಕರರ ಷೇರನ್ನ ಕಂಪನಿ ವಾಪಸ್ ಕೊಂಡಿದೆ, ಯಾವ ವರ್ಷ" ಅಂತ ಕೇಳಿ.

ಮಲ್ಲೇಶ್ವರದ ಮಳೆ
ಮಾನ್ಯತೆ ಇರೋ ಸ್ಟಾರ್ಟಪ್ ಆದ್ರೆ ತೆರಿಗೆ ಮುಂದೂಡಬಹುದು ಅಲ್ವಾ?

ಲೆಕ್ಕದ ಪುಸ್ತಕ
ಸರ್ಕಾರದ ಸ್ಟಾರ್ಟಪ್ ನೋಂದಣಿ ಮಾತ್ರ ಸಾಲದು. ಅಂತರ-ಸಚಿವಾಲಯ ಮಂಡಳಿ ಪ್ರಮಾಣಪತ್ರ ಕೊಟ್ಟ ಅರ್ಹ ಸ್ಟಾರ್ಟಪ್‌ಗೆ ಮಾತ್ರ ಮುಂದೂಡಿಕೆ. ಅದೂ ಕೆಲಸ ಬಿಟ್ಟ ಕೂಡ್ಲೇ, ಷೇರು ಮಾರಿದ ಕೂಡ್ಲೇ ಕಟ್ಟಬೇಕಾಗುತ್ತೆ. ಕಂಪನಿಗೆ ಆ ಪ್ರಮಾಣಪತ್ರ ಇದೆಯಾ ಅಂತ ಸಂದರ್ಶನದಲ್ಲೇ ಕೇಳಿ.

ನೋಟಿಸ್ ಪೀರಿಯಡ್
ಚಕ್ಕುಲಿ ಘಟಕದವರಿಗೆ ಬೇರೆ ಪ್ರಶ್ನೆ. "ಹತ್ತನೇ ಕೆಲಸಗಾರ, ಇಪ್ಪತ್ತನೇ ಕೆಲಸಗಾರ ಸೇರಿದಾಗ ಏನಾಯ್ತು?" ಹತ್ತು ಜನ ಆದ್ರೆ ಇಎಸ್ಐ (ಕೆಲಸಗಾರರ ಆರೋಗ್ಯ ವಿಮೆ), ಇಪ್ಪತ್ತು ಆದ್ರೆ ಪಿಎಫ್ (ಭವಿಷ್ಯ ನಿಧಿ) ಕಡ್ಡಾಯ. 15,000 ಸಂಬಳಕ್ಕೆ ಮಾಲೀಕರ ಕಡೆಯಿಂದ ಪಿಎಫ್ ಎಲ್ಲ ಸೇರಿ 13%, 1,950. ಇಎಸ್ಐ 3.25%, 487.50. ಒಬ್ಬರಿಗೆ ತಿಂಗಳಿಗೆ 2,437.50 ಹೆಚ್ಚು. ಕೆಲವರು 19ಕ್ಕೇ ನಿಲ್ಲಿಸಿ ಉಳಿದವರನ್ನ ಗುತ್ತಿಗೆಯಲ್ಲಿ ತೋರಿಸ್ತಾರೆ. ಗುತ್ತಿಗೆಯವ್ರೂ ಲೆಕ್ಕಕ್ಕೆ ಸೇರ್ತಾರೆ ಅನ್ನೋದು ಇನ್ಸ್‌ಪೆಕ್ಟರ್ ಬಂದ ದಿನ ಗೊತ್ತಾಗುತ್ತೆ.

ಹುಬ್ಬಳ್ಳಿ ಮಂದಿ
ಇದನ್ನ ಮೈಕ್ ಮುಂದ ಯಾರ್ ಒಪ್ಪಕೊಳ್ತಾರ್ರಿ?

ನೋಟಿಸ್ ಪೀರಿಯಡ್
"ನೀವು ಮಾಡ್ತೀರಾ" ಅಂದ್ರೆ ಒಪ್ಪಲ್ಲ. "ಈ ಧಂದೇಲಿ ಹತ್ತೊಂಬತ್ತಕ್ಕೆ ನಿಲ್ಲೋರು ಇದ್ದಾರಂತೆ, ಯಾಕೆ" ಅಂದ್ರೆ ವಿವರವಾಗಿ ಹೇಳ್ತಾರೆ.

ಲೆಕ್ಕದ ಪುಸ್ತಕ
ಹೋಗೋ ಮುಂಚೆ ಓದಬೇಕಾದ್ದು. ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಗೆ 100 ರೂಪಾಯಿ ಕಟ್ಟಿ ಕಡತ ನೋಡಬಹುದು. ಎರಡು ಫಾರ್ಮ್ ಸಾಕು. ಎಒಸಿ-4ರಲ್ಲಿ ಲಾಭ-ನಷ್ಟ ಮತ್ತು ಆಸ್ತಿ-ಹೊಣೆ ಪಟ್ಟಿ, ಎಂಜಿಟಿ-7ರಲ್ಲಿ ಷೇರು ಯಾರ ಹತ್ತಿರ ಎಷ್ಟಿದೆ. ಸಣ್ಣ ಕಂಪನಿಗೆ ಎಂಜಿಟಿ-7ಎ ಇರುತ್ತೆ. ವಾರ್ಷಿಕ ಸಭೆ ಸೆಪ್ಟೆಂಬರ್ ಕೊನೆಯೊಳಗೆ, ಅದಾದ 30 ದಿನಕ್ಕೆ ಮೊದಲನೇದು, 60 ದಿನಕ್ಕೆ ಎರಡನೇದು ಸಲ್ಲಿಕೆ. ಹಾಗಾಗಿ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ನೋಡೋಕೆ ಡಿಸೆಂಬರ್ ತನಕ ಕಾಯ್ಬೇಕು.

ಓದುವಾಗ ಮೊದಲು "ಸಂಬಂಧಪಟ್ಟವರ ಜೊತೆಗಿನ ವಹಿವಾಟು" ಟಿಪ್ಪಣಿ ತೆಗೀರಿ. ಫ್ಯಾಕ್ಟರಿ ಜಾಗ ಮಾಲೀಕರ ಮನೆಯವರದ್ದಾಗಿದ್ದು ಬಾಡಿಗೆ ಬಹಳ ಕಡಿಮೆ ಇದ್ರೆ, ಅವ್ರು ಹೇಳೋ ಲಾಭ ಬೇರೆ ಯಾರಿಗೂ ಬರೋ ಲಾಭ ಅಲ್ಲ. ಎರಡನೇದು, ಮಾರಾಟ ಏರಿದ ವೇಗಕ್ಕಿಂತ ಬರಬೇಕಾದ ಬಾಕಿ ಜೋರಾಗಿ ಏರಿದೆಯಾ ನೋಡಿ.

ಒಬ್ಬರದೇ ಮಾಲೀಕತ್ವದ್ದು, ಪಾಲುದಾರಿಕೆಯದ್ದು ಅಲ್ಲಿ ಸಿಗಲ್ಲ.

ಬೀಟ್ ನಂಬರ್ 6
ಷೇರುಪೇಟೇಲಿರೋ ಕಂಪನಿ ಮುಖ್ಯಸ್ಥರನ್ನ ಕರೆಯೋದಾದ್ರೆ ತಿಂಗಳು ನೋಡಿ ಕರೀರಿ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಬಂದು 48 ಗಂಟೆ ಆಗೋ ತನಕ ಒಳಗಿನವರಿಗೆ ಷೇರು ವ್ಯವಹಾರ ಬಂದ್. ಆ ಹೊತ್ತಲ್ಲಿ ಅವ್ರು ಅಂಕಿ ಬಗ್ಗೆ ಬಾಯಿ ತೆರೆಯಲ್ಲ, ತೆರೆಯಲೂಬಾರದು. ಫಲಿತಾಂಶದ ಮರುವಾರ ಸರಿ. ಹೂಡಿಕೆದಾರರ ಜೊತೆಗಿನ ಫೋನ್ ಸಭೆಯ ಬರಹರೂಪ ಐದು ಕೆಲಸದ ದಿನದೊಳಗೆ ಬಂದಿರುತ್ತೆ, ಅದರಲ್ಲಿ ಯಾವ ಪ್ರಶ್ನೆಗೆ ಜಾರಿಕೊಂಡಿದ್ದಾರೆ ಅಂತ ಗುರುತು ಹಾಕ್ಕೊಂಡು ಹೋಗಿ.

ಕಡಲತಡಿ
ಹಳೇ ಕಾಲದ ಮಾರ್ಕೆಟಿಂಗ್ ಬಗ್ಗೆಯೂ ಒಂದು ಕಂತು ಮಾಡಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಇದ್ದವರ ಮನೆ ಬಾಗಿಲಿಗೂ ಏಜೆಂಟ್ ಹೋಗ್ತಿದ್ದ. ಗಿರಾಕಿ ಬ್ಯಾಂಕಿಗೆ ಬರ್ಲಿ ಅಂತ ಕಾಯ್ಲಿಲ್ಲ. ಡಾ. ಟಿ.ಎಂ.ಎ. ಪೈ ಮತ್ತು ಅವರ ಜೊತೆಯವರು ಕಂಡುಕೊಂಡ ದಾರಿ. ಏಜೆಂಟಿಗೆ ಕಮಿಷನ್ ಕೊಟ್ಟೂ ಎರಡಾಣೆ ಸಂಗ್ರಹ ಕಟ್ಟಿ ಬರೋದು ಹೇಗೆ? ಒಂದೇ ಬೀದೀಲಿ ಸಾಲಾಗಿ ಹತ್ತಾರು ಅಂಗಡಿ ಇದ್ರೆ ಮಾತ್ರ. ಇವತ್ತಿನ ಮನೆಗೆ ತಲುಪಿಸೋ ಆ್ಯಪ್‌ಗಳ ಲೆಕ್ಕಾನೂ ಅದೇ ಅಲ್ವಾ, ಒಂದು ಬೀದೀಲಿ ಎಷ್ಟು ಮನೆ.

ಬೀಟ್ ನಂಬರ್ 6
ಒಳ್ಳೇ ಹೋಲಿಕೆ. ತಿಂಡಿ ಗಾಡಿಗೂ ಅದೇ. ದಿನಕ್ಕೆ 40 ಅಂಗಡಿ ಸುತ್ತಿ 2,400 ರೂಪಾಯಿ ಗಾಡಿ ಖರ್ಚಾದ್ರೆ ಅಂಗಡಿಗೆ 60. ಅಂಗಡಿ ಆರ್ಡರ್ 600ಕ್ಕಿಂತ ಕಡಿಮೆ ಇದ್ರೆ 10%ಗಿಂತ ಜಾಸ್ತಿ ಗಾಡಿಗೇ ಹೋಯ್ತು.

ಮಲ್ಲೇಶ್ವರದ ಮಳೆ
ಆನ್‌ಲೈನ್ ಮಾರ್ಕೆಟಿಂಗ್ ಬಗ್ಗೆ ಏನು ಕೇಳಬೇಕು? ಎಲ್ರೂ "ರೀಲ್ ವೈರಲ್ ಆಯ್ತು, ಆರ್ಡರ್ ಸುರಿಯಿತು" ಅಂತಾರೆ.

ಲೆಕ್ಕದ ಪುಸ್ತಕ
ಮೂರು ಅಂಕಿ ಕೇಳಿ. ಆ ತಿಂಗಳು ಜಾಹೀರಾತಿಗೆ ಎಷ್ಟು, ಹೊಸ ಗಿರಾಕಿ ಎಷ್ಟು, ಮೂರು ತಿಂಗಳಲ್ಲಿ ಎರಡನೇ ಸಲ ಕೊಂಡವ್ರು ಎಷ್ಟು. 1,20,000 ಹಾಕಿ 400 ಹೊಸ ಗಿರಾಕಿ ಬಂದ್ರೆ ತಲೆಗೆ 300. ಒಂದು ಆರ್ಡರ್‌ನಲ್ಲಿ ಎಲ್ಲ ಕಳೆದು 90 ಉಳಿದ್ರೆ, ನಾಲ್ಕನೇ ಆರ್ಡರ್ ತನಕ ನಷ್ಟ. ಎರಡನೇ ಸಲಕ್ಕೇ ಜನ ಬರ್ತಿಲ್ಲ ಅಂದ್ರೆ ರೀಲ್ ಎಷ್ಟು ಓಡಿದ್ರೇನು. ಮನೆ ಬಾಗಿಲಲ್ಲಿ ದುಡ್ಡು ಕೊಡೋ ಆರ್ಡರ್ ಇದ್ರೆ, ನೂರರಲ್ಲಿ ಎಷ್ಟು ಪಾರ್ಸೆಲ್ ವಾಪಸ್ ಬರುತ್ತೆ ಅಂತಾನೂ ಕೇಳಿ. ಹೋಗೋ ಖರ್ಚು, ಬರೋ ಖರ್ಚು ಎರಡೂ ಕಂಪನಿ ತಲೆಗೆ, ಚಕ್ಕುಲಿಯಂತೂ ಪುಡಿಯಾಗೇ ಬರೋದು.

ಬೀಟ್ ನಂಬರ್ 6
ಪುಡಿ ಅಂದ್ರಲ್ಲ, ನನ್ನ ಪ್ರಕಾರ ಇಡೀ ಸಂದರ್ಶನದ ಜೀವ ಅಲ್ಲಿದೆ. ಸ್ಟುಡಿಯೋಗೆ ಕರೀಬೇಡಿ, ಅವ್ರ ಗೋಡೌನ್‌ಗೆ ಹೋಗಿ. ವಾಪಸ್ ಬಂದ ಮಾಲಿನ ಮೂಟೆಯಿಂದ ನಾಲ್ಕು ಪ್ಯಾಕೆಟ್ ತೆಗೆದು ಅವ್ರ ಕೈಗೆ ಕೊಟ್ಟು "ಇದು ಯಾಕೆ ವಾಪಸ್ ಬಂತು" ಅನ್ನಿ. ಒಂದನ್ನ ಹರಿದು ಮೂಸ್ತಾರೆ, ಕಮಟು. ಎಣ್ಣೆಗೆ ಗಾಳಿ, ಬೆಳಕು ಎರಡೂ ಆಗಲ್ಲ. ಪಾರದರ್ಶಕ ಕವರಿನಲ್ಲಿ ಹಾಕಿ ಬಿಸಿಲು ಬೀಳೋ ಶೋಕೇಸಲ್ಲಿ ನೇತುಹಾಕಿದ್ರೆ ಬೇಗ ಕಮಟುತ್ತೆ, ಒಳಗೆ ಬೆಳ್ಳಿ ಬಣ್ಣದ ಪದರ ಇರೋ ಕವರು ಅದಕ್ಕೇ. ಎರಡನೇದು ಮೆತ್ತಗಾಗಿದೆ. ಅದನ್ನ ನೀರಿನಲ್ಲಿ ಮುಳುಗಿಸಿ ಒತ್ತಿದ್ರೆ ಸೀಲಿನ ಮೂಲೆಯಿಂದ ಗುಳ್ಳೆ ಬರುತ್ತೆ. ಸೀಲಿನ ಸಾಲಲ್ಲಿ ಹಿಟ್ಟಿನ ಚೂರು ಸಿಕ್ಕಿಕೊಂಡಿರುತ್ತೆ, ಇಲ್ಲಾಂದ್ರೆ ಯಂತ್ರದ ದವಡೆ ಸಾಕಷ್ಟು ಬಿಸಿ ಇರಲ್ಲ. ಮೂರನೇದು ಪುಡಿ. ನೈಟ್ರೋಜನ್ ಕಡಿಮೆ ತುಂಬಿದ್ದಾರೆ. ನೈಟ್ರೋಜನ್ ಆಮ್ಲಜನಕ ಓಡಿಸೋದಷ್ಟೇ ಅಲ್ಲ, ದಿಂಬಿನ ಹಾಗೆ ಕಾಪಾಡುತ್ತೆ. ಜಾಸ್ತಿ ತುಂಬಿದ್ರೆ ಘಟ್ಟ ಹತ್ತುವಾಗ ಹೊರಗಿನ ಒತ್ತಡ ಕಡಿಮೆಯಾಗಿ ಕವರು ಊದಿ ಸೀಲೇ ಬಿಡುತ್ತೆ. ನಾಲ್ಕನೇದು ಏನೂ ಆಗಿಲ್ಲ, ಬರೀ ತಾರೀಕು ಮುಗಿದಿದೆ. ಅದೇ ಅತಿ ಕೆಟ್ಟದ್ದು, ಯಾಕಂದ್ರೆ ಮಾಲು ಚೆನ್ನಾಗಿದ್ದೂ ಯಾರೂ ಕೊಳ್ಳಲಿಲ್ಲ.

ನಾಲ್ಕು ಪ್ಯಾಕೆಟ್ಟಿಗೆ ಅರ್ಧ ಗಂಟೆ ಮಾತು ಆಗುತ್ತೆ. ಛಲ ಅನ್ನೋ ಪದ ಬರಲ್ಲ.

ತಿಪಟೂರ್ ಪ್ಯಾಸೆಂಜರ್
ಇದು ಸಿಕ್ಕಾಪಟ್ಟೆ ಇಷ್ಟ ಆಯ್ತು ಅಣ್ಣಾ. ಗೋಡೌನ್‌ಗೇ ಹೋಗ್ತೀವಿ.

ಸೌಂಡ್ ಚೆಕ್
ಗೋಡೌನ್ ಅಂದ್ರೆ ತಗಡಿನ ಶೀಟು, ದನಿ ಗುಂಯ್ ಅನ್ನುತ್ತೆ. ಹಿಟ್ಟಿನ ಮೂಟೆಗಳ ಮಧ್ಯೆ ಕೂರಿಸಿ, ಮೂಟೆ ಸದ್ದು ಹೀರ್ಕೊಳ್ಳುತ್ತೆ. ಮಳೆ ದಿನ ಬೇಡ.

ಹುಬ್ಬಳ್ಳಿ ಮಂದಿ
ಲಾರಿಯವರಿಗೆ ಕೇಳೂದು ನಾ ಹೇಳ್ತೀನಿ. ವಿಜಯ ಸಂಕೇಶ್ವರ ಅವರು 1976ರಾಗ ಗದಗದಾಗ ಒಂದ ಲಾರಿ ಇಟ್ಕೊಂಡ ಶುರು ಮಾಡಿದ್ರು, ಅವರ ಕಂಪನಿ 2015ರಾಗ ಷೇರುಪೇಟಿಗೆ ಬಂತು. ಲಾರಿ ಧಂದ್ಯಾಗ ಹೋಗೂ ಲೋಡ್ ಯಾರ್ ಬೇಕಾದ್ರೂ ಹಿಡೀತಾರ. ವಾಪಸ್ ಬರೂ ಲೋಡ್ ಕೇಳ್ರಿ. ಹೋಗಾಕ 30,000 ಬಾಡಿಗಿ ಸಿಕ್ಕು, ಹೋಗಿ ಬರೂ ಖರ್ಚು 36,000 ಆದ್ರ, ಖಾಲಿ ಬಂದ್ರ 6,000 ಲುಕ್ಸಾನು. ಇನ್ನೊಂದು, ಪೂರ್ತಿ ಲಾರಿ ಬಾಡಿಗೀಗೆ ಕೊಡೋದಕ್ಕೂ ನೂರ ಮಂದೀ ಪಾರ್ಸೆಲ್ ಕೂಡ್ಸಿ ಒಯ್ಯೋದಕ್ಕೂ ಭಾಳ ಫರಕ್ ಐತಿ. ಪಾರ್ಸೆಲ್‌ದಾಗ ಕೇಜಿಗೆ ರೊಕ್ಕ ಹೆಚ್ಚ, ಆದ್ರ ಊರೂರಿಗೆ ಗೋಡೌನು, ಹಮಾಲರು, ಬುಕಿಂಗ್ ಆಫೀಸು ಬೇಕು.

ಅವರು 1999ರಾಗ ವಿಜಯ ಕರ್ನಾಟಕ ಪೇಪರ್ ತಂದು, 2006ರಾಗ ಮಾರಿ, 2012ರಾಗ ವಿಜಯವಾಣಿ ತಂದ್ರು. ಕಂಪನಿ ಮಾರಿದ ಯಾರ್ ಸಿಕ್ಕರೂ ಕೇಳ್ರಿ: "ಮತ್ತ ಅದ ಧಂದೆಕ್ಕ ಎಷ್ಟ ವರ್ಷ ಇಳೀಬಾರ್ದು ಅಂತ ಕರಾರಿನಾಗ ಬರ್ದಿತ್ತು? ಆ ವರ್ಷದಾಗ ಏನ್ ಮಾಡಿದ್ರಿ?"

ಕಡಲತಡಿ
ಬಿಟ್ಟದ್ದರ ಬಗ್ಗೆಯೂ ಕೇಳಿ. ಮೂಲ್ಕಿಯ ರಘುನಂದನ ಕಾಮತರು 1984ರಲ್ಲಿ ಮುಂಬೈ ಜುಹುವಿನಲ್ಲಿ ನ್ಯಾಚುರಲ್ಸ್ ತೆರೆದಾಗ ಪಾವ್ ಭಾಜಿಯೂ ಇತ್ತು, ಬರೀ ಐಸ್‌ಕ್ರೀಮಿಗೆ ಜನ ಬರ್ತಾರೋ ಇಲ್ವೋ ಅಂತ. ಖಾರ ತಿಂದವರು ತಣ್ಣಗೆ ಕೇಳ್ತಿದ್ರು. ಆಮೇಲೆ ಪಾವ್ ಭಾಜಿ ನಿಲ್ಲಿಸಿದ್ರು. ಓಡ್ತಾ ಇದ್ದ ಸರಕನ್ನ ನಿಲ್ಲಿಸೋ ದಿನ ಗಲ್ಲಾಪೆಟ್ಟಿಗೆ ಎಷ್ಟು ಇಳಿಯಿತು, ಮತ್ತೆ ಏರೋಕೆ ಎಷ್ಟು ತಿಂಗಳು ಬೇಕಾಯ್ತು, ಇದು ಯಾವ ಉದ್ಯಮಿಗಾದ್ರೂ ಕೇಳಬಹುದು.

ಮಲ್ಲೇಶ್ವರದ ಮಳೆ
ಎಂಟಿಆರ್ ಕೂಡ ಹಾಗೇ. ತುರ್ತು ಪರಿಸ್ಥಿತಿ ಕಾಲದಲ್ಲಿ ಹೋಟೆಲ್ ತಿಂಡಿ ಬೆಲೆ ಸರ್ಕಾರ ಇಳಿಸಿದ್ದಕ್ಕೆ ಹೋಟೆಲ್ ನಡೆಸೋಕಾಗದೆ ಪುಡಿ, ಮಿಕ್ಸ್ ಕಡೆ ಹೊರಳಿದ್ರು. ಮುಂದೆ ಆ ಪ್ಯಾಕೆಟ್ ವ್ಯಾಪಾರಾನೇ 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿದ್ದು. ಲಾಲ್‌ಬಾಗ್ ರಸ್ತೆ ಹೋಟೆಲ್ ಬೇರೆ, ಅದು ಕುಟುಂಬದಲ್ಲೇ ಇದೆ.

ಬೀಟ್ ನಂಬರ್ 6
ಬೆಲೆ ಅಂದಾಗ ನೆನಪಾಯ್ತು. 10 ರೂಪಾಯಿ ಪ್ಯಾಕ್ ಇದ್ರೆ ಗ್ರಾಂ ಇತಿಹಾಸ ಕೇಳಿ. ಬೆಲೆ ಏರಿಸೋಕಾಗಲ್ಲ, 10ರ ನಾಣ್ಯಕ್ಕೆ 11 ಹೊಂದಲ್ಲ. 40 ಗ್ರಾಂ ಇದ್ದದ್ದು 36 ಮಾಡ್ತಾರೆ. 10% ಏರಿಕೆ.

ಲೆಕ್ಕದ ಪುಸ್ತಕ
11.1%. ತೂಕ ಇಳಿದದ್ದು 10%, ಗ್ರಾಂ ಬೆಲೆ 25 ಪೈಸೆಯಿಂದ 27.8 ಪೈಸೆಗೆ ಏರಿತು.

ಬೀಟ್ ನಂಬರ್ 6
ಹೌದು, 11.1. ಹಾಗೆ ಇಳಿಸುವಾಗ ಕವರಿನ ಅಳತೆ ಅದೇ ಇಟ್ರಾ ಅಂತಾನೂ ಕೇಳಿ. ಹಳೇ ಕವರಿನ ರೋಲು ಲಕ್ಷಗಟ್ಟಲೆ ಉಳಿದಿರುತ್ತೆ, ಅಚ್ಚಾದ ತೂಕ ಬದಲಾಯಿಸದೆ ಬಳಸೋ ಹಾಗಿಲ್ಲ.

ನೋಟಿಸ್ ಪೀರಿಯಡ್
ಒಂದು ಮುಖ್ಯ ವಿಷಯ. ರೆಕಾರ್ಡ್ ಒತ್ತೋ ಮುಂಚೆ ಮೂರು ಮಾತು ಬರವಣಿಗೇಲಿ ಆಗ್ಲಿ. ಯಾವ ವಿಷಯ ಬೇಡ ಅನ್ನೋದು ಮೊದಲೇ ಹೇಳಬೇಕು. "ಇದು ಹಾಕ್ಬೇಡಿ" ಅಂತ ಮಧ್ಯದಲ್ಲಿ ಅಂದ್ರೆ ಅಲ್ಲಿಂದ ಮುಂದಿನದು ಮಾತ್ರ ತೆಗೆಯೋದು, ಹಿಂದಿನದಲ್ಲ. ಪ್ರಕಟವಾಗೋ ಮುಂಚೆ ಅಂಕಿಗಳನ್ನ ಮಾತ್ರ ಅವರಿಗೆ ತೋರಿಸಿ ಸರಿಯಿದೆಯಾ ಕೇಳ್ತೀರಿ, ಇಡೀ ಕಂತು ತೋರಿಸಿ ಅನುಮತಿ ಕೇಳಲ್ಲ. ಇಡೀ ಕಂತು ಕಳಿಸಿದ್ರೆ ಅವ್ರ ಮಾರ್ಕೆಟಿಂಗ್ ವಿಭಾಗ ಕೂತು ಒಳ್ಳೇದನ್ನೆಲ್ಲ ಕತ್ತರಿಸುತ್ತೆ. ಪ್ರಾಯೋಜಕರಾಗಿ ದುಡ್ಡು ಕೊಟ್ಟವರನ್ನ ಅತಿಥಿಯಾಗಿ ಕೂರಿಸಲೇಬೇಡಿ.

ತಿಪಟೂರ್ ಪ್ಯಾಸೆಂಜರ್
ಎಲ್ಲ ಬರ್ಕೊಂಡೆ. ಭಾನುವಾರ ಬೆಳಗ್ಗೆ ಗೋಡೌನ್‌ನಲ್ಲಿ ರೆಕಾರ್ಡಿಂಗ್ ಇಟ್ಕೊಂಡಿದೀವಿ, ಅವತ್ತು ಯಂತ್ರ ಓಡಲ್ಲ. ವಾಪಸ್ ಮಾಲಿನ ಮೂಟೆ ತೆಗೆದಿಡಿ ಅಂತ ಮುಂಚೆ ಹೇಳ್ಲಾ, ಅಲ್ಲಿಗೆ ಹೋದ್ಮೇಲೆ ಕೇಳ್ಲಾ?

ಬೀಟ್ ನಂಬರ್ 6
ಶನಿವಾರ ಸಂಜೆ ಫೋನ್ ಮಾಡಿ ಹೇಳಿ. ಶನಿವಾರ ಗಾಡಿ ವಾಪಸ್ ಬಂದಾಗ ಇಳಿಸಿದ ಮೂಟೇನೇ ಇಟ್ಟಿರಿ, ಆರಿಸೋಕೆ ಹೋಗ್ಬೇಡಿ ಅಂತ.

ಹುಬ್ಬಳ್ಳಿ ಮಂದಿ
ತಕ್ಕಡಿನೂ ಇಟ್ಕೋರಿ. ಮೂಟಿ ತೂಗಿ, ಆ ವಾರ ಕಳಿಸಿದ್ದ ಮಾಲಿನ ತೂಕ ಕೇಳಿದ್ರ ನೂರಕ್ಕ ಎಷ್ಟ್ ವಾಪಸ್ ಅಂತ ಅಲ್ಲೇ ಸಿಗ್ತದ.